ಪದರಬಣ್ಣದ ಸೀರೆ

ಪದರಮಗ್ಗ ಸದ್ದಿಲ್ಲದೆ ನೇಯುತ್ತಿತ್ತು. ಒಳಗೆ ಹೋಗುತ್ತಿದ್ದುದು ಬಿಳಿ ನೂಲು, ಹೊರಗೆ ಬರುತ್ತಿದ್ದುದು ಅಪ್ಪಟ ಕೆಂಪು ಸೀರೆ. ಮದುಮಗಳು ನೀಲಾಂಬಿಕೆ ಬಗ್ಗಿ ಓರೆಯಾಗಿ ನೋಡಿದಳು. ಎಲಾ, ಹಸಿರು!

"ಮಾಮಾ, ಇದೇನ್ ಮಾಟಾ ಮಂತ್ರಾ?"

"ಮಾಟಾನೂ ಅಲ್ಲ, ಮಂತ್ರಾನೂ ಅಲ್ಲ. ಇದರಾಗ ಬಣ್ಣಾನಽ ಇಲ್ಲವ್ವಾ!" ಎಂದು ನಕ್ಕರು ಅವಳ ಸೋದರಮಾವ, ಬೆಳಕಿನ ವಿಜ್ಞಾನಿ ಮಹಾರುದ್ರಪ್ಪ.

ನೂಲಿನ ಮೇಲೆ ಅತಿ ತೆಳುವಾದ ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಕೂರಿಸುವುದು ಆ ಮಗ್ಗದ ಕೆಲಸ. ಪದರಗಳಿಂದ ಮರಳುವ ಬೆಳಕಿನ ಅಲೆಗಳಲ್ಲಿ ಒಂದು ಬಣ್ಣದವು ಕೂಡಿ ಬಲಿಯುತ್ತವೆ, ಮಿಕ್ಕವು ಸೊರಗುತ್ತವೆ. ಸಾಬೂನಿನ ಗುಳ್ಳೆಗೆ ಬಣ್ಣ ಬರುವುದೂ ಹೀಗೆಯೇ. ಓರೆಯಿಂದ ನೋಡಿದರೆ ಲೆಕ್ಕ ಬದಲಾಗಿ ಕೆಂಪಿನ ಜಾಗಕ್ಕೆ ಹಸಿರು ಬರುತ್ತದೆ.

ಈ ಸೀರೆ ಇಲ್ಲದಿದ್ದರೆ ಮದುವೆಯೇ ಮುರಿಯುತ್ತಿತ್ತು. ಅಕ್ಕಿಕಾಳಿನ, ಅಂದರೆ ಅಕ್ಷತೆ ಬೀಳುವ ಹೊತ್ತಿಗೆ ಕೆಂಪೇ ಉಡಬೇಕೆಂದು ಅಜ್ಜಿಯ ಹಟ. ತೀರಿಹೋದ ಮಗಳು, ಅಂದರೆ ನೀಲಾಂಬಿಕೆಯ ತಾಯಿ, ಕೆಂಪುಟ್ಟೇ ಮದುವೆಯಾಗಿದ್ದಳು. ಹಸಿರುಡದ ಸೊಸೆ ನಮ್ಮ ಹೊಸ್ತಿಲು ತುಳಿಯುವಂತಿಲ್ಲವೆಂದು ವರನ ತಾಯಿ ಗೌರವ್ವನ ಪಟ್ಟು. ಇಬ್ಬರಿಗೂ ಬುದ್ಧಿ ಹೇಳಲು ಹೋದವರು ಬೈಸಿಕೊಂಡು ಬಂದರು.

ಮದುವೆಯ ದಿನ ಮಾವ ಅಜ್ಜಿಯ ಕುರ್ಚಿಯನ್ನು ವೇದಿಕೆಯ ನೇರಕ್ಕೆ, ಗೌರವ್ವನದನ್ನು ಪಕ್ಕದ ಮೂಲೆಗೆ ಹಾಕಿಸಿದರು. ನೀಲಾಂಬಿಕೆ ಆ ಸೀರೆಯುಟ್ಟು ವೇದಿಕೆ ಏರಿದಳು. ಅಜ್ಜಿ ಗೆದ್ದೆನೆಂದು ಬೀಗಿದಳು. ಅತ್ತ ಗೌರವ್ವನೂ ಬೀಗಿದರು. ಆದರೆ ಗೆದ್ದವರ ಮನಸ್ಸು ದೊಡ್ಡದಾಗುತ್ತದೆ ಎಂಬುದನ್ನು ಮಾವ ಲೆಕ್ಕಕ್ಕೇ ಹಿಡಿದಿರಲಿಲ್ಲ!

"ಪಾಪ, ಬೀಗತಿ ಸೋತಾಳ. ಒಂದೀಟು ಸಮಾಧಾನ ಹೇಳಿ ಬರ್ತೀನಿ" ಎಂದು ಅಜ್ಜಿ ಎದ್ದೇಬಿಟ್ಟಳು.

"ಯವ್ವಾ, ಕುಂದರಬೇ!" ಎಂಬ ಮಾವನ ಕೂಗು ಬ್ಯಾಂಡಿನ ಗದ್ದಲದಲ್ಲಿ ಮುಳುಗಿತು.

ಗೌರವ್ವ ತಾವಾಗಿಯೇ ಅಜ್ಜಿಗೆ ಪಕ್ಕದಲ್ಲಿ ಜಾಗ ಕೊಟ್ಟರು. "ನೋಡ್ರಿ, ಸೊಸಿ ಹಸರಾಗ ಎಷ್ಟು ಛಂದ ಕಾಣ್ತಾಳ!"

ಅಜ್ಜಿ ತಿರುಗಿ ನೋಡಿದಳು. ಅವಳ ಮುಖದ ನಗು ಆರಿತು. ತಾನು ಕುಳಿತಿದ್ದ ಕುರ್ಚಿಯನ್ನೊಮ್ಮೆ, ಬೆವರುತ್ತಿದ್ದ ಮಗನನ್ನೊಮ್ಮೆ ನೋಡಿದಳು. ಇನ್ನು ಮುಗಿಯಿತು ಕಥೆ ಎಂದುಕೊಂಡ ನೀಲಾಂಬಿಕೆಗೆ ಅಳುವೇ ಬಂತು.

"ಹೌದ್ರಿ, ಛಂದ ಕಾಣ್ತಾಳ" ಎಂದಳು ಅಜ್ಜಿ ಮೆಲ್ಲಗೆ. ಆಮೇಲೆ ಗೌರವ್ವನ ಕೈ ಹಿಡಿದೆಬ್ಬಿಸಿದಳು. "ಬರ್ರಿ, ನನ್ನ ಕುರ್ಚ್ಯಾಗ ಕುಂತು ನೋಡ್ರಿ. ನನ್ನ ಮಗಳು ಹೆಂಗಿದ್ದಳು ಅಂತ ತೋರಸ್ತೀನಿ."

ಗೌರವ್ವ ಆ ಕುರ್ಚಿಯಲ್ಲಿ ಕುಳಿತು ಕೆಂಪುಟ್ಟ ಸೊಸೆಯನ್ನು ಬಹಳ ಹೊತ್ತು ನೋಡಿದರು. ಮಾವ ಕ್ಷಮೆ ಕೇಳಲು ಓಡಿಬಂದರೆ ಅವರನ್ನು ಕೈಯಲ್ಲೇ ತಡೆದರು.

"ಇಲ್ಲೇ ಇನ್ನೊಂದು ಕುರ್ಚಿ ಹಾಕ್ರಿ" ಎಂದರು. "ಅಕ್ಕಿಕಾಳು ಬೀಳೂತನಕ ನಾವಿಬ್ಬರೂ ಇಲ್ಲೇ ಕುಂದರ್ತೀವಿ."