ಮೂಗಿನ ಪಕ್ಕದ ಸಂದು

"ಕಹಿ ಬಂತಾ?"

ತಲೆಯ ಮೇಲೆ ಪ್ಲಾಸ್ಟಿಕ್ ಮುಸುಕು. ಮೂಗು ಬಾಯಿಗೆ ಬಿಗಿಯಾದ ಮಾಸ್ಕು. ಎದುರಿಗೆ, ಇಷ್ಟು ಹತ್ತಿರದಲ್ಲಿ, ಅವನ ಕಣ್ಣುಗಳು! ಅವಳ ಎದೆ ಡವಡವ ಹೊಡೆದುಕೊಂಡಿತು.

ಮುಸುಕಿನ ತೂತಿನಿಂದ ಅವನು ಕಹಿ ನೀರು ಸಿಂಪಡಿಸುತ್ತಿದ್ದ. ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದ್ದರೆ ಕಹಿ ಗೊತ್ತಾಗಬಾರದು. ಗೊತ್ತಾದರೆ ಎಲ್ಲೋ ಸಂದಿದೆ ಎಂದರ್ಥ. ಕಹಿ ನುಗ್ಗುವ ಕಡೆ ಟಿಬಿ ರೋಗಾಣು ನುಗ್ಗದೆ ಇರುತ್ತದೆಯೇ?

ಅವಳ ನಾಲಿಗೆಯೆಲ್ಲ ಕಹಿಯಾಗಿತ್ತು. ಮೂಗಿನ ಪಕ್ಕದಲ್ಲಿ ಗಾಳಿ ಆಡುವುದೂ ಗೊತ್ತಾಗುತ್ತಿತ್ತು.

"ಚಿಕ್ಕ ಸೈಜ್ ಖಾಲಿಯಾಗಿದೆ. ಇದು ಆಗ್ಲಿಲ್ಲ ಅಂದ್ರೆ ಲ್ಯಾಬ್ ಒಳಗೆ ಬಿಡಕ್ಕಾಗಲ್ಲ," ಎಂದು ಅವನು ಮೊದಲೇ ಹೇಳಿದ್ದ. ಬಿಡದಿದ್ದರೆ? ಟಿಬಿ ಸಂಶೋಧನೆಯ ಈ ಕೆಲಸಕ್ಕೆ ಅವಳ ಹಿಂದೆ ಇನ್ನೊಬ್ಬರು ತುದಿಗಾಲಲ್ಲಿ ನಿಂತಿದ್ದರು. ಅರ್ಜಿ ಹಾಕಿ ಹಾಕಿ ಸೋತು ಸುಣ್ಣವಾಗಿದ್ದಳು ಪಾಪ. ಸಿಕ್ಕ ಮೊದಲ ಕೆಲಸವನ್ನು ಮೊದಲ ದಿನವೇ ಕಳೆದುಕೊಳ್ಳುವುದೇ?

"ಇಲ್ಲ ಸಾರ್... ಏನೂ ಗೊತ್ತಾಗ್ತಿಲ್ಲ."

ಅವನು ಅವಳ ಕಣ್ಣನ್ನೇ ನೋಡಿದ. ತುಸು ಹೆಚ್ಚೇ ಹೊತ್ತು ನೋಡಿದ.

"ಪಾಸ್," ಎಂದ.

ಅವನಿಗೆ ಲ್ಯಾಬಿನಲ್ಲಿ 'ರೂಲ್ಸ್ ಸಾರ್' ಎಂದೇ ಹೆಸರು. ಅವಳಿಗಿಂತ ಸ್ವಲ್ಪವೇ ಸೀನಿಯರ್, ಆದರೆ ಸುರಕ್ಷತೆಯ ಹೊಣೆ ಅವನದು. ಗ್ಲೌಸ್ ಒಂದು ಗೆರೆ ಕೆಳಗಿದ್ದರೂ ಸಿಡಿಮಿಡಿ!

"ನೀವು ಮನೇಲೂ ಹಿಂಗೇನಾ? ತಾಯಿ ಕೈಲಿ ಸಹಿ ಹಾಕಿಸ್ಕೊಂಡೇ ಊಟ ಮಾಡೋದಾ?" ಎಂದು ಅವಳು ಕಾಲೆಳೆಯುತ್ತಿದ್ದಳು.

"ತಾಯಿ ಕೈ ತೊಳ್ಕೊಂಡಿದ್ರೆ ಮಾತ್ರ," ಎನ್ನುತ್ತಿದ್ದ ಅವನು, ನಗದೆ.

ಆ ನಗದ ಮುಖಕ್ಕೇ ಹುಡುಗಿ ಮನಸೋತಳು. ಅವನು ಟಿಬಿ ಬಗ್ಗೆ ಮಾತಾಡಲು ಕೇರಿ ಕೇರಿಗೆ ಹೋಗುವಾಗ ಅವಳೂ ಜೊತೆಗೆ ಹೋಗುತ್ತಿದ್ದಳು. "ಕಾಯಿಲೆ ಬಂದೋರನ್ನ ದೂರ ಮಾಡ್ಬೇಡಿ," ಎನ್ನುವಾಗ ಅವನ ದನಿ ಮೆತ್ತಗಾಗುತ್ತಿತ್ತು. ಇವನು ನನ್ನವನಾಗಿದ್ದರೆ... ಎಂದು ಅವಳು ಹಿಂದಿನ ಬೆಂಚಿನಲ್ಲಿ ಕೂತು ಅಂದುಕೊಳ್ಳುತ್ತಿದ್ದಳು.

ಒಂದು ದಿನ, ವೇಗವಾಗಿ ತಿರುಗುವ ಯಂತ್ರದೊಳಗೆ ಕಫದ ಟ್ಯೂಬ್ ಒಡೆಯಿತು. ಮಾಮೂಲಿ ಔಷಧಿಗೆ ಬಗ್ಗದ ಟಿಬಿ ಇದ್ದ ರೋಗಿಯ ಕಫ. ಮುಚ್ಚಳ ತೆಗೆದಾಗ ಕೋಣೆಯಲ್ಲಿದ್ದವರೆಲ್ಲ ಮಾಸ್ಕು ಹಾಕಿದ್ದರು.

ಕೆಲವು ತಿಂಗಳ ಮೇಲೆ ಕಾಯಿಲೆ ಬಂದದ್ದು ಮಾತ್ರ ಅವಳೊಬ್ಬಳಿಗೆ.

ಕ್ಯಾಂಟೀನಿನಲ್ಲಿ ಕೆಮ್ಮು ಬಂದು ಕರವಸ್ತ್ರದಲ್ಲಿ ಕೆಂಪು ಕಂಡಾಗ ಎದುರಿಗೆ ಅವನೇ ಕೂತಿದ್ದ. ಅವನ ಮುಖ ಬಿಳಿಚಿಕೊಂಡಿತು. ಎದ್ದ. ಒಂದು ಮಾತೂ ಆಡದೆ ಹೊರಟೇಹೋದ!

ಅವಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದವರು ಲ್ಯಾಬಿನ ಮುಖ್ಯಸ್ಥೆ, ದೊಡ್ಡ ಮೇಡಂ. "ನಿನ್ನ ಮಾಸ್ಕು ಸರಿಯಾಗಿತ್ತು ತಾನೇ?" ಎಂದು ಅವರು ಕೇಳಿದರು.

"ಸರಿಯಾಗಿತ್ತು ಮೇಡಂ," ಎಂದಳು. ಹೇಳಿದ ಸುಳ್ಳನ್ನು ಇನ್ನೊಮ್ಮೆ ಹೇಳುವುದು ಎಷ್ಟು ಸುಲಭ!

ಆಮೇಲೆ ಅಕ್ಕನ ಮನೆಯ ಮೇಲಿನ ಕೋಣೆ. ಕಿಟಕಿ ಸದಾ ತೆರೆದಿರಬೇಕು. ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತು, ಪಾದ ಉರಿಯುತ್ತಿತ್ತು. ಆ ಮಾತ್ರೆಗೇ ಮೈಬಣ್ಣ ಕಂದುತ್ತಾ ಬಂದು ಕನ್ನಡಿಯಲ್ಲಿ ಅವಳಿಗೆ ಅವಳೇ ಅಪರಿಚಿತಳಾದಳು. ಹೊಸ ಕಫ ಪರೀಕ್ಷೆಯಲ್ಲಿ ರೋಗಾಣು ಇಲ್ಲ, ಇನ್ನು ಯಾರಿಗೂ ಹರಡಲ್ಲ ಎಂದು ಡಾಕ್ಟರ್ ಹೇಳಿದರೂ ಅಕ್ಕ ತಟ್ಟೆಯನ್ನು ಹೊಸ್ತಿಲಲ್ಲೇ ಇಟ್ಟು ಹೋಗುತ್ತಿದ್ದಳು. ಶ್ವಾಸಕೋಶದಲ್ಲಾದ ಗಾಯ ಮಾತ್ರ ಹಾಗೇ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು.

"ಅವ್ನು ಫೋನ್ ಮಾಡಿದ್ನಾ ಪುಟ್ಟಿ?" ಎಂದು ಅಕ್ಕ ಕೇಳಿದಳು.

"ಯಾರು?"

"ಗೊತ್ತಿಲ್ದೋರ ಥರ ಕೇಳ್ತೀಯಲ್ಲ!"

ಅವಳು ಗೋಡೆ ಕಡೆ ತಿರುಗಿದಳು. ಊರಿಗೆಲ್ಲ ಬುದ್ಧಿ ಹೇಳುವವನು, ನನ್ನ ವಿಷಯಕ್ಕೆ ಬಂದಾಗ ಓಡಿಹೋದ... ನಾನು ಸತ್ತರೂ ಬರುವುದಿಲ್ಲವೇನೋ. ಬದುಕಿದರೂ ಯಾರಿಗಾಗಿ? ಅಳುವುದಕ್ಕೂ ಉಸಿರು ಸಾಲುತ್ತಿರಲಿಲ್ಲ.

ಅವನು ಬಂದದ್ದು ಒಂದು ಮಧ್ಯಾಹ್ನ, ಅಕ್ಕ ಬಟ್ಟೆ ಒಣಗಿಸುತ್ತಿದ್ದಾಗ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಬಾಗಿಲಲ್ಲೇ ನಿಂತ.

"ಹೆದರ್ಕೋಬೇಡಿ, ಈಗ ಹರಡಲ್ಲ," ಎಂದಳು ಅವಳು ಚುಚ್ಚುವಂತೆ. "ನಿಮ್ಗೆ ಗೊತ್ತಿರಬೇಕಲ್ಲ. ಭಾಷಣ ಮಾಡೋರು ನೀವು."

"ಹೆದರಿಕೆ ಕಾಯಿಲೆಗಲ್ಲ... ನಿಮ್ಮ ಮುಖ ನೋಡೋಕೆ."

"ಕಪ್ಪಾಗಿದ್ದೀನಿ ಅಂತಾನಾ?"

"ಅಲ್ಲ!" ಅವನ ದನಿ ಒಡೆಯಿತು. "ಅವತ್ತು ನಿಮ್ಗೆ ಕಹಿ ಬಂದಿತ್ತು. ನಿಮ್ಮ ಕಣ್ಣು ಕಿರಿದಾಯ್ತು. ನಾನು ನೋಡ್ದೆ... ನೋಡಿಯೂ ಪಾಸ್ ಮಾಡ್ದೆ."

ಇಷ್ಟು ದಿನ ಅವಳೊಬ್ಬಳೇ ಹೊತ್ತಿದ್ದ ಸುಳ್ಳು ಅದು!

"ಗೊತ್ತಿದ್ದೂ ಒಳಗೆ ಬಿಟ್ರಾ? ಯಾಕೆ?"

"ಬೇಡ ಅಂದಿದ್ರೆ ನೀವು ವಾಪಸ್ ಹೋಗ್ತಿದ್ರಿ. ಮತ್ತೆ ನೋಡೋಕೆ ಸಿಗ್ತಿರಲಿಲ್ಲ. ಚಿಕ್ಕ ಸೈಜ್ ಬಂದ ತಕ್ಷಣ ಕೊಟ್ರಾಯ್ತು ಅಂದ್ಕೊಂಡೆ. ಅದು ಬರೋದ್ರೊಳಗೆ ಟ್ಯೂಬ್ ಒಡೀತು."

ಪ್ರೀತಿಯ ಮಾತನ್ನು ಅವನ ಬಾಯಿಂದ ಕೇಳಬೇಕೆಂದು ಎಷ್ಟು ಕಾದಿದ್ದಳು... ಕೇಳಿದ್ದು ಹೀಗೆ! ಕೈಗೆ ಸಿಕ್ಕ ದಿಂಬನ್ನು ಎತ್ತಿ ಅವನ ಮೇಲೆ ಎಸೆದಳು. ಅದು ಅವನವರೆಗೂ ಹೋಗಲಿಲ್ಲ. ಅಷ್ಟಕ್ಕೇ ಕೆಮ್ಮು ಕಿತ್ತುಕೊಂಡು ಬಂತು.

ಅವನು ಓಡಿಬಂದು ಬೆನ್ನು ನೀವಿದ. ಅವಳು ಆ ಕೈಯನ್ನು ತಳ್ಳಿದಳು. ಮತ್ತೆ ನೀವಿದ. ಎರಡನೆಯ ಸಲ ತಳ್ಳಲು ಅವಳಲ್ಲಿ ಶಕ್ತಿ ಇರಲಿಲ್ಲ, ಮನಸ್ಸೂ ಇರಲಿಲ್ಲ.

"ದೊಡ್ಡ ಮೇಡಂಗೆ ಹೇಳ್ದೆ," ಎಂದ. "ಪರೀಕ್ಷೆ ಸರಿಯಾಗಿ ಮಾಡ್ಲಿಲ್ಲ, ತಪ್ಪು ನಂದು ಅಂತ. ನನ್ನ ಕೆಲ್ಸದಿಂದ ತೆಗೆದ್ರು. ನಿಮ್ಮ ಹೆಸ್ರು ಎತ್ತಲಿಲ್ಲ. ವಾಸಿಯಾದ್ಮೇಲೆ ನಿಮ್ಮ ಕೆಲ್ಸ ನಿಮ್ಗೇ ಇರುತ್ತೆ."

"ಅರ್ಧ ಸತ್ಯ ಹೇಳಿ ಬಂದ್ರಾ?" ಅವಳು ಕಣ್ಣೊರೆಸಿಕೊಂಡಳು. "ಉಳಿದರ್ಧ ನಾನು ಹೇಳ್ತೀನಿ. ಇವತ್ತೇ."

"ಬೇಡ. ಕೆಲ್ಸ ಹೋಗುತ್ತೆ. ಇನ್ಯಾವ ಲ್ಯಾಬಲ್ಲೂ ತಗೊಳ್ಳಲ್ಲ."

"ನಾಳೆ ಇನ್ನೊಂದು ಹುಡುಗಿ ಬರ್ತಾಳೆ. ಅವ್ಳಿಗೂ ಕೆಲ್ಸ ಬೇಕಿರುತ್ತೆ. ಅವ್ಳೂ ಇಲ್ಲ ಅಂತಾಳೆ. ಹೊಸಬರು ಯಾಕೆ ಸುಳ್ಳು ಹೇಳ್ತಾರೆ ಅಂತ ಮೇಡಂಗೆ ಗೊತ್ತಾಗ್ಬೇಡ್ವಾ?"

ಅವಳು ಅವನೆದುರೇ ಫೋನ್ ಮಾಡಿದಳು. ಮೇಡಂ ಪೂರ್ತಿ ಕೇಳಿಸಿಕೊಂಡು, "ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲಮ್ಮ," ಎಂದಷ್ಟೇ ಹೇಳಿ ಫೋನ್ ಇಟ್ಟರು.

ಮುಗಿಯಿತು. ಓದಿದ್ದೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತು ಎಂದುಕೊಂಡು ಅವಳು ಹೊದಿಕೆಯೊಳಗೆ ಮುದುಡಿಕೊಂಡಳು. ಅವನು ಹೊಸ್ತಿಲಲ್ಲಿದ್ದ ತಟ್ಟೆಯನ್ನು ತಂದು, ಆರಿಹೋಗಿದ್ದ ಅನ್ನವನ್ನು ಕಲಸಿ, ಮಂಚದ ಪಕ್ಕದಲ್ಲಿ ನೆಲಕ್ಕೇ ಕೂತ.

"ನಿಮ್ಮನ್ನ ಕ್ಷಮಿಸಿಲ್ಲ ನಾನು," ಎಂದಳು.

"ಕ್ಷಮಿಸ್ಬೇಡಿ. ನಂಗೆ ನೀವಂದ್ರೆ ಇಷ್ಟ, ಅದನ್ನ ಹೇಳೋಕೂ ನಾಚಿಕೆಯಾಗುತ್ತೆ ಈಗ."

"ನಂಗೂ ಇಷ್ಟ. ಅದೇ ಸಿಟ್ಟು ನಂಗೆ."

ಒಂದು ತುತ್ತು ತಿಂದಳು. ಇನ್ನೊಂದು ಸೇರಲಿಲ್ಲ.

"ನಿಮ್ಗೆ ಗೊತ್ತಿರುತ್ತೆ," ಎಂದಳು ಮೆಲ್ಲಗೆ. "ನಂಗೆ ಪೂರ್ತಿ ವಾಸಿಯಾಗುತ್ತಾ?"

ಇಂಥ ರೋಗಿಗಳಲ್ಲಿ ಎಷ್ಟು ಮಂದಿ ಉಳಿಯುತ್ತಾರೆ, ಎಷ್ಟು ಮಂದಿಗೆ ಕಾಯಿಲೆ ಮರುಕಳಿಸುತ್ತದೆ, ಎಲ್ಲ ಅವನಿಗೆ ಬಾಯಿಪಾಠವಾಗಿತ್ತು; ಅವಳು ಯಾವ ಲೆಕ್ಕಕ್ಕೆ ಸೇರುತ್ತಾಳೆ ಎಂಬುದು ಮಾತ್ರ ಯಾವ ಅಂಕಿಯಲ್ಲೂ ಇರಲಿಲ್ಲ. ಅವನು ಅವಳ ಕಂದಿದ ಕೈಯನ್ನು ಹಿಡಿದುಕೊಂಡ.

"ಗೊತ್ತಿಲ್ಲ," ಎಂದ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ.

"ನಾಳೆ ಬರ್ತೀರಾ?"

"ಬರ್ತೀನಿ."