ಹಳದಿ ಕಂಬ

ಗಣಿತದ ಮೇಡಂ ನಕ್ಕರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆಗೆ ಬಂದು ತಿಂಗಳಾಗಿಲ್ಲ, ಆಗಲೇ ಸೈನ್ಸ್ ಮೇಷ್ಟ್ರ ಲ್ಯಾಬಿನಲ್ಲಿ ಠಿಕಾಣಿ ಹೂಡಿದ್ದರು. ನಾನು ಡ್ರಾಯಿಂಗ್ ಟೀಚರ್, ನನಗೆ ಅಲ್ಲೇನು ಕೆಲಸ? ಆದರೂ ಅಂಟು ಕೊಡುವ ನೆಪದಲ್ಲಿ ಹೋದೆ.

ನಿಜ ಹೇಳುತ್ತೇನೆ, ಹಿಂದಿನ ದಿನ ಮೇಷ್ಟ್ರ ಹಾಜರಿ ಪುಸ್ತಕದೊಳಗೆ ಒಂದು ಕಾಗದ ಇಟ್ಟಿದ್ದೆ. ನನ್ನ ಹಳದಿ ಡ್ರಾಯಿಂಗ್ ಶೀಟು. ಎರಡು ವರ್ಷ ನುಂಗಿಕೊಂಡಿದ್ದನ್ನೆಲ್ಲ ಅದರಲ್ಲಿ ಎರಡೇ ಪ್ರಶ್ನೆಯಾಗಿ ಬರೆದಿದ್ದೆ. ಉತ್ತರ ಬಂದಿರಲಿಲ್ಲ.

ಮಕ್ಕಳು ಮೇಜು ಮುತ್ತಿಕೊಂಡಿದ್ದರು. ಮೇಲೆ ಮೂರು ಕಾಗದದ ಕಂಬಗಳು: ಚೌಕ, ತ್ರಿಕೋನ, ದುಂಡು. ದುಂಡನೆಯದು ಹಳದಿ! ಅಯ್ಯೋ, ಓದದೆಯೇ ಸುತ್ತಿಬಿಟ್ಟರೇ? ನನ್ನ ಜೀವ ಬಾಯಿಗೆ ಬಂತು.

“ತ್ರಿಕೋನಾನೇ ಗೆಲ್ಲೋದು ಸರ್, ಬೆಟ್!” ಎಂದು ಗಣಿತದ ಮೇಡಂ ತಮ್ಮ ಸ್ಕೇಲಿನಿಂದ ಮೇಷ್ಟ್ರ ತೋಳಿಗೆ ಮೆಲ್ಲಗೆ ತಟ್ಟಿದರು. ಆ ಸ್ಕೇಲನ್ನು ಅಲ್ಲೇ ಮುರಿಯಬೇಕೆನಿಸಿತು.

“ಸೇತುವೆ ಚೌಕಟ್ಟಿಗಾದ್ರೆ ತ್ರಿಕೋನಾನೇ ಸೈ ಮೇಡಂ, ಎಷ್ಟು ತಳ್ಳಿದ್ರೂ ವಾಲಲ್ಲ. ಆದ್ರೆ ನಿಂತು ಭಾರ ಹೊರೋದು ಬೇರೆ,” ಎಂದ ಮೇಷ್ಟ್ರು ನನ್ನತ್ತ ಓರೆಗಣ್ಣಲ್ಲಿ ನೋಡಿದರು. ನಾನು ಮುಖ ತಿರುಗಿಸಿದೆ.

ಪುಸ್ತಕ ಪೇರಿಸತೊಡಗಿದರು. ತ್ರಿಕೋನ ನಾಲ್ಕಕ್ಕೇ ಮಡಚಿಕೊಂಡಿತು. ನನಗೆ ಹಾಲು ಕುಡಿದಷ್ಟು ಸಂತೋಷ. ಚೌಕ ಆರಕ್ಕೆ ಕುಸಿಯಿತು. ದುಂಡನೆಯದು ಹನ್ನೆರಡಾದರೂ ಜಪ್ಪಯ್ಯ ಎನ್ನಲಿಲ್ಲ.

“ಮೂಲೆ ಇಲ್ಲ ನೋಡಿ, ಭಾರ ಸುತ್ತಲೂ ಸಮನಾಗಿ ಹಂಚಿಹೋಗುತ್ತೆ,” ಎಂದರು ಮೇಷ್ಟ್ರು.

ಬೆಲ್ ಆಯಿತು. ಎಲ್ಲರೂ ಹೋದರು. ನನಗೆ ತಡೆಯಲಾಗಲಿಲ್ಲ.

“ಆಟ ಆಡೋಕೆ ನನ್ನ ಕಾಗದಾನೇ ಬೇಕಿತ್ತಾ? ಓದೋಕೂ ಪುರುಸೊತ್ತಿಲ್ವಾ ನಿಮ್ಗೆ?”

“ಓದದೇ ಇದ್ದಿದ್ರೆ ಬರೆದಿದ್ದನ್ನ ಒಳಗಡೆ ಮಾಡಿ ಸುತ್ತುತ್ತಿದ್ನಾ ಟೀಚರ್?” ಅವರ ಕಿವಿ ಕೆಂಪಾಗಿತ್ತು. “ಕೈಗೆ ಕೊಡೋಕೆ ಧೈರ್ಯ ಬರ್ಲಿಲ್ಲ. ದುಂಡಗಿರೋದೇ ಗೆಲ್ಲುತ್ತೆ ಅಂತ ಗೊತ್ತಿತ್ತು, ಅದಕ್ಕೇ ಆ ಕಂಬಕ್ಕೆ ನಿಮ್ಮ ಕಾಗದ. ನೀವು ಬಂದು ಜಗಳ ಆಡ್ತೀರ ಅಂತಾನೂ ಗೊತ್ತಿತ್ತು.”

ಪುಸ್ತಕಗಳನ್ನು ಇಳಿಸಿ ಹಳದಿ ಕಂಬ ಬಿಚ್ಚಿದೆ.

‘ಗಣಿತದ ಮೇಡಂ ನಿಮಗೆ ಏನಾಗಬೇಕು?’ ಎಂದು ನಾನು ಕೇಳಿದ್ದೆ. ಕೆಳಗೆ ಕೆಂಪು ಶಾಯಿ: ‘ಏನೂ ಆಗಬೇಕಾಗಿಲ್ಲ.’

‘ನಾನು ನಿಮಗೆ ಏನಾಗಬೇಕು?’

‘ಹೆಂಡತಿ ಆಗಬೇಕು.’

ಅಕ್ಷರಗಳು ಕಣ್ಣೀರಲ್ಲಿ ಮಸುಕಾದವು.

“ಉತ್ತರ ಸರೀನಾ ಟೀಚರ್?”

“ಸರಿ,” ಎಂದೆ, ಕಣ್ಣೊರೆಸಿಕೊಂಡು. ಮೇಜಿನ ಮೇಲೆ ಆ ಸ್ಕೇಲ್ ಬಿದ್ದಿತ್ತು. ಅವರು ಕೈಚಾಚುವ ಮೊದಲೇ ಎತ್ತಿಕೊಂಡೆ. “ಇದನ್ನ ಮೇಡಂಗೆ ನಾನೇ ವಾಪಸ್ ಕೊಡ್ತೀನಿ. ನೀವು ಹೋಗೋದೇನೂ ಬೇಡ.”