ಆ ಡಿಸ್ಕ್ ಇಮೇಜ್ ತೆರೆದ ದಿನ

"ಏನ್ ಹಾಕೀರಿ ನನ್ನ ಕಂಪ್ಯೂಟರಿಗೆ? ಹೇಳ್ರಿ!"

ಶೈಲಾಳ ಕೂಗಿಗೆ ಸಂಗ್ರಾಮ ಬೆಚ್ಚಿಬಿದ್ದ. ನಿಪ್ಪಾಣಿಯ ಅವಳ ಫೋಟೊ ಸ್ಟುಡಿಯೋಕ್ಕೆ ಅವನು ಕಾಲಿಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ. ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಪಾಠದ ಡಿಸ್ಕ್ ಇಮೇಜನ್ನು, ಅಂದರೆ ಇಡೀ ಡಿಸ್ಕಿನ ನಕಲಿರುವ ಒಂದೇ ಫೈಲನ್ನು, ಮಕ್ಕಳಿಗೆ ಹಂಚಲು ಹತ್ತಾರು ಡಿವಿಡಿಗೆ ಹಾಕಿಸಲು ಬಂದಿದ್ದ.

ಅವಳು ಫೈಲು ತೆರೆದಿದ್ದೇ ತಡ, ಡಿವಿಡಿ ಬರೆಯುವ ಸಾಫ್ಟ್‌ವೇರ್ ತಟ್ಟನೆ ಮುಚ್ಚಿಕೊಂಡಿತು. ನೋಡನೋಡುತ್ತಿದ್ದಂತೆ ಒಂದೊಂದೇ ಫೋಟೊ, ಒಂದೊಂದೇ ವಿಡಿಯೊ... ಎಲ್ಲಕ್ಕೂ ಬೀಗ! ಒಂದೂ ತೆರೆಯದು.

ಶೈಲಾಳ ತೀರಿಹೋದ ಅವ್ವನ ಒಂದೇ ಒಂದು ವಿಡಿಯೊ ಅವುಗಳಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

"ಬೇಕಂತ ಮಾಡೀರಿ ನೀವು... ನಡೀರಿ ಹೊರಗ!"

"ಖರೇನ ಗೊತ್ತಿರಲಿಲ್ರಿ..."

ಅವನು ಹೋದ. ಆದರೆ ಬೀಗ ತೆಗೆಯಲು ನೋಡುತ್ತೇನೆಂದು ಮರುದಿನ ಬಂದ. ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಕಂಪ್ಯೂಟರಿನ ಮುಂದೆಯೇ ಕುಳಿತ. ಅವಳು ಅವನ ಮುಂದೆ ಚಹಾ ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಿದ್ದಳು. 'ಇವನ ದಣಿದ ಕಣ್ಣು ಕಂಡರೆ ನನ್ನ ಎದೆ ಯಾಕೆ ಕರಗಬೇಕು?' ಎಂದು ತನ್ನ ಮೇಲೆಯೇ ಸಿಟ್ಟಾಗುತ್ತಿದ್ದಳು.

ಐದನೆಯ ದಿನ ಅವನು ತಲೆ ತಗ್ಗಿಸಿದ.

"ಈ ಸಾಫ್ಟ್‌ವೇರ್ ಹಳೇದ್ರಿ. ಡಿಸ್ಕಿನ ಹೆಸರ ಇಡಾಕ ಸಣ್ಣ ಜಾಗಾ ಐತಿ. ಈ ಫೈಲ್ ಮಾಡಿದ ಕಳ್ಳರು ಬೇಕಂತ ಭಾಳ ಉದ್ದನ ಹೆಸರ ಇಟ್ಟಾರ. ಅಳತಿ ನೋಡದ ಇದು ತುಂಬ್ಕೊಂಡೈತಿ. ಹೆಚ್ಚಾಗಿದ್ದು ಪಕ್ಕದ ಜಾಗಾಕ್ಕ ಚೆಲ್ಲಿ, ಅಲ್ಲಿಂದ ಅವರ ಹುಕುಂ ನಡದೈತಿ."

"ಬೀಗ ತಗ್ಯಾಕ ಬರ್ತೈತೇನ್ರಿ?"

"ಇಲ್ರಿ... ನನ್ನ ಕೈಲೆ ಆಗ್ಲಿಲ್ಲ." ಅವನು ಕಂಪ್ಯೂಟರ್ ಆರಿಸಿದ. "ಈ ದೋಷದ ಸುದ್ದಿ ನಾ ಮೊದ್ಲ ಓದಿದ್ನಿ. ನನ್ನ ಮಷಿನ್ ಅಷ್ಟ ಸರಿ ಮಾಡ್ಕೊಂಡ್ನಿ. ನಿಮ್ದೂ ಸರಿ ಮಾಡೀರೇನು ಅಂತ ಒಂದ ಮಾತ ಕೇಳಬೇಕಿತ್ತು. ತಪ್ಪ ನಂದ."

ಅವನು ಎದ್ದು ಹೊರಟ. ಅವಳು ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ಶೈಲಾ ಚಿಕ್ಕೋಡಿ ಬಸ್ಸು ಹತ್ತಿದಳು. ಕ್ಲಾಸಿನ ಬಾಗಿಲಲ್ಲಿ ಅವಳನ್ನು ಕಂಡು ಸಂಗ್ರಾಮ ಎದ್ದು ನಿಂತ.

"ತಪ್ಪ ನಂದೂ ಐತ್ರಿ. ಹೊಸಾದ ಹಾಕ್ಕೊ ಅಂತ ಆ ಸಾಫ್ಟ್‌ವೇರ್ ಆರ ತಿಂಗಳಿಂದ ತೋರ್ಸಾಕತ್ತಿತ್ತು. 'ಆಮ್ಯಾಲೆ' ಅಂತ ಒತ್ಕೋತ ಬಂದಾಕಿ ನಾನ. ಆದ್ರ ನಿಮ್ಮನ್ನ ಬೈದ್ನಿ..."

"ಇದನ್ನ ಹೇಳಾಕ ಇಷ್ಟ ದೂರ ಬಂದ್ರಿ?"

"ಇದಕ್ಕಷ್ಟ ಅಲ್ರಿ." ಅವಳು ಕಣ್ಣು ಕೆಳಗಿಳಿಸಿದಳು. "ಇವತ್ತ ನೀವು ಬರಲಿಲ್ಲ. ಗೊತ್ತಿಲ್ದ ಎರಡ ಕಪ್ ಚಹಾ ಮಾಡಿದ್ನಿ..."

ಅವನು ಅವಳಿಗೊಂದು ಕುರ್ಚಿ ಎಳೆದು ಕೊಟ್ಟ.

"ಅವ್ವನ ದನಿ ಮರತಬಿಟ್ರ ಏನ್ ಮಾಡ್ಲಿರಿ ನಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಆ ವಿಡಿಯೊದಾಗ ಏನಂತಿದ್ರು ನಿಮ್ಮವ್ವ?"

"'ಶೈಲೀ, ತಲಿ ಬಾಚ್ತೀನಿ, ಬಾ ಬೇ...' ಅಷ್ಟ."

"ಇನ್ನೊಮ್ಮೆ ಹೇಳ್ರಿ. ನಾನೂ ನೆನಪ ಇಟ್ಕೋತೀನಿ."

"ಎಲ್ಲೀತನ?"

"ನಾ ಇರೂತನ, ಶೈಲಾ."